ನೀರು ತೆಗೆದ ಕೊಳದಲ್ಲಿ ಅತ್ತೆ

ಹೊರಡುವ ಮೊದಲು

ಜಪಾನಿಗೆ ಹೋಗಿ ಏನು ನೋಡಿ ಬಂದಿರಿ ಎಂದು ಕೇಳಿದವರಿಗೆಲ್ಲ ನಾನು ಕೆಸರು ಎಂದೇ ಹೇಳುತ್ತೇನೆ. ಅವರು ನಗುತ್ತಾರೆ. ಓಡುವ ರೈಲು, ಹಿಮದ ಗುಡ್ಡ ಎಲ್ಲ ಬಿಟ್ಟು ಕೆಸರು ನೋಡಲು ವಿಮಾನ ಹತ್ತಿದಳಂತೆ ಎಂದು ನಮ್ಮ ಓಣಿಯಲ್ಲಿ ಇವತ್ತಿಗೂ ಆಡಿಕೊಳ್ಳುವುದುಂಟು. ಆಡಿಕೊಳ್ಳಲಿ. ಅಂಥ ಕೆಸರನ್ನು ಅವರು ನೋಡಿಲ್ಲ.

ನಮ್ಮ ಏಕಸಂಬಿಯಲ್ಲಿ ಬಸವಣ್ಣನ ಗುಡಿಯ ಹಿಂದೆ ಒಂದು ಹೊಂಡವಿದೆ. ಒಂದು ಕಾಲಕ್ಕೆ ಊರಿನ ಮಳೆನೀರೆಲ್ಲ ಅದರೊಳಗೆ ಇಳಿದು ಸುಮ್ಮನಾಗುತ್ತಿತ್ತು. ನಾವು ಹೊರಡುವ ಹೊತ್ತಿಗೆ ಹೂಳು ತುಂಬಿ ಹೊಂಡಕ್ಕೆ ಹೊಟ್ಟೆಯೇ ಇಲ್ಲದಂತಾಗಿತ್ತು. ಎರಡು ಜೋರು ಮಳೆ ಬಿದ್ದರೆ ಸಾಕು, ಹಿಂದಿನ ಓಣಿಯ ಮನೆಗಳಿಗೆ ನೀರು ನುಗ್ಗುತ್ತಿತ್ತು. ಜನ ಕಾಳಿನ ಚೀಲಗಳನ್ನು ಅಟ್ಟಕ್ಕೇರಿಸಿ, ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ಮಂಚದ ಮೇಲೆ ಕೂರುತ್ತಿದ್ದರು. ಹೊಂಡದಲ್ಲಿ ಉಳಿದಿದ್ದ ಜೀವವೆಂದರೆ ಮಾಂಗೂರ ಮೀನು ಮಾತ್ರ. ಕರಿಯ ಮೈ, ಉದ್ದ ಮೀಸೆ, ತೋಳಿನಷ್ಟು ದಪ್ಪ. ನಮ್ಮ ನೀರಿನದಲ್ಲ, ಹೊರಗಿನಿಂದ ಬಂದ ಜಾತಿ. ಕಪ್ಪೆ, ಸಣ್ಣ ಮೀನು, ನೀರುಕೋಳಿಯ ಮರಿ, ಏನು ಸಿಕ್ಕರೂ ನುಂಗಿ ಹೊಂಡವನ್ನು ಭಣಭಣ ಮಾಡಿದ್ದವು. ಅಲ್ಲಿ ಕಪ್ಪೆಯ ದನಿ ಕೇಳಿ ಎಷ್ಟೋ ವರ್ಷಗಳಾಗಿದ್ದವು.

ಊರವರು ಸೇರಿ ಒಂದು ಸಮಿತಿ ಮಾಡಿದೆವು. ನಾನು ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಪಾಠ ಹೇಳುವವಳು, ಹಾಗಾಗಿ ಓಡಾಟವೆಲ್ಲ ನನ್ನ ಕೊರಳಿಗೇ ಬಿತ್ತು. ಬೇಸಿಗೆಯಲ್ಲಿ ಹೊಂಡ ಬರಿದು ಮಾಡುವುದು, ಮಾಂಗೂರ ಹಿಡಿದು ಮುಗಿಸುವುದು, ಹೂಳೆತ್ತಿ ಹೊಲಗಳಿಗೆ ಹಾಕುವುದು ಎಂದು ಊರೆಲ್ಲ ಒಪ್ಪಿತು. ಒಬ್ಬರು ಒಪ್ಪಲಿಲ್ಲ. ಅವರು ನನ್ನ ಅತ್ತೆ ನೀಲವ್ವ. ಹೊಂಡದ ನೀರು ಹೊರಗೆ ಹರಿಯಲು ಇರುವುದು ಒಂದೇ ತಗ್ಗು, ಅದು ನಮ್ಮ ಕಬ್ಬಿನ ಹೊಲ. ಹೊಲ ಅತ್ತೆಯ ಹೆಸರಿನಲ್ಲಿದೆ. ಅಲ್ಲಿ ಕಾಲುವೆ ಕಡಿಯಬೇಕಾದರೆ ಅವರು ಹೂಂ ಅನ್ನಬೇಕು.

"ಮೀನ ಸಾಯ್ತಾವ, ಸುಮಿ. ನಾ ಒಲ್ಲೆ" ಎಂದು ಅತ್ತೆ ಕೂತುಬಿಟ್ಟರು.

"ಅತ್ತ್ಯಾರ, ಓಣ್ಯಾಗ ನೀರ ಹೊಕ್ಕು ಮಂದಿ ಹೊಯ್ಕೊಳ್ಳಾಕತ್ತಾರಲ್ರಿ" ಎಂದೆ.

"ಮಂದಿಗೆ ಏರಾಕ ಅಟ್ಟ ಐತಿ. ಮೀನಿಗೆ ಏನೈತಿ?"

ಇದಕ್ಕೆ ಏನು ಹೇಳುತ್ತೀರಿ? ಸೋಮವಾರ ಬಂತೆಂದರೆ ಅತ್ತೆ ಸೆರಗಿನಲ್ಲಿ ಚುರುಮುರಿ ಕಟ್ಟಿಕೊಂಡು ಹೊಂಡಕ್ಕೆ ಹೋಗಿ ಆ ಮೀನುಗಳಿಗೆ ಹಾಕಿ ಬರುತ್ತಿದ್ದರು. ಕೈಮುಗಿದು ಬರುವುದೂ ಇತ್ತು. ಹಟಕ್ಕೆ ಬಿದ್ದರೆಂದರೆ ಅವರನ್ನು ಅಲ್ಲಾಡಿಸಲು ಆ ಬಸವಣ್ಣನೇ ಎದ್ದು ಬರಬೇಕು.

ಆ ವರ್ಷ ಫುಮಿಕೋ ಎಂಬ ಜಪಾನಿ ಹೆಂಗಸು ಕೃಷ್ಣೆಯ ದಂಡೆ ನೋಡಲು ಯಡೂರಿಗೆ ಬಂದಿದ್ದಳು. ನಿವೃತ್ತ ಶಿಕ್ಷಕಿ, ಕೆರೆ ಕೊಳಗಳ ಹುಚ್ಚು. ಉಳಿಯಲು ಜಾಗ ಸಿಗದೆ ನಮ್ಮ ಮನೆಗೆ ಬಂದು, ಎರಡು ದಿನಕ್ಕೆಂದು ಬಂದವಳು ವಾರಗಟ್ಟಲೆ ಉಳಿದಳು. ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತು. ಅತ್ತೆಯ ಜೊತೆ ಅವಳದು ಜಪಾನಿ, ಅತ್ತೆಯದು ಕನ್ನಡ. ಹಿತ್ತಲಿನಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತ ಇಬ್ಬರೂ ತಾಸುಗಟ್ಟಲೆ ಹರಟುತ್ತಿದ್ದರು. ಅತ್ತೆಯ ಬಾಯಲ್ಲಿ ಅವಳು ಫುಮಕ್ಕ ಆದಳು. ಊರಿಗೆ ಮರಳಿದ ಮೇಲೆ ಅವಳೇ ಫೋನು ಮಾಡಿದಳು: ಈ ಚಳಿಗಾಲ ನಮ್ಮ ಪೇಟೆಯ ಕೊಳದ ನೀರು ತೆಗೆಯುತ್ತೇವೆ, ಇಬ್ಬರೂ ಬನ್ನಿ.

ನನ್ನ ಆಸೆ ಏನಿತ್ತೆಂದು ಬಿಚ್ಚಿ ಹೇಳಿಬಿಡುತ್ತೇನೆ. ಅತ್ತೆ ಒಮ್ಮೆ ಕಣ್ಣಾರೆ ನೋಡಲಿ, ಹೂಂ ಅನ್ನಲಿ, ಮುಂದಿನ ಮಳೆಗಾಲಕ್ಕೆ ಹಿಂದಿನ ಓಣಿಯವರು ನೆಲದ ಮೇಲೆ ಮಲಗಲಿ. ಅಷ್ಟಕ್ಕೇ ನಾನು ಹೊರಟದ್ದು. ಅತ್ತೆಗೂ ಅದು ಗೊತ್ತಿತ್ತು. "ಫುಮಕ್ಕನ ಮನಿ ನೋಡಾಕ ಬರ್ತೇನಿ. ಕೆರಿ ಗಿರಿ ಅಂತ ನನ್ನ ತಲಿ ತಿನಬ್ಯಾಡ" ಎಂದು ಹೊಸಿಲು ದಾಟುವ ಮೊದಲೇ ತಾಕೀತು ಮಾಡಿದರು.

ಫುಮಕ್ಕನ ಮನೆ

ಟೋಕಿಯೋ ಎಂದರೆ ಗದ್ದಲ ಎಂದುಕೊಂಡಿದ್ದೆ. ಫುಮಿಕೋ ಇರುವ ಪಶ್ಚಿಮದ ಹೊರಪೇಟೆ ಮಧ್ಯಾಹ್ನದ ಜೋಂಪಿನಲ್ಲಿದ್ದಂತೆ ಇತ್ತು. ಸಣ್ಣ ಸಣ್ಣ ಓಣಿಗಳು, ಗೋಡೆಗಳ ಮೇಲೆ ಕಿತ್ತಳೆ ಬಣ್ಣದ ಹಣ್ಣು ಬಿಟ್ಟ ಗಿಡಗಳು, ತಮ್ಮಷ್ಟಕ್ಕೆ ತಾವು ಸೈಕಲ್ ತುಳಿಯುವ ಮುದುಕರು. ಚಳಿ ಮಾತ್ರ ಮೂಳೆಯೊಳಗೆ ಹೊಕ್ಕು ಅಲ್ಲೇ ಬಿಡಾರ ಹೂಡುತ್ತಿತ್ತು. ಅತ್ತೆ ಇಳಕಲ್ ಸೀರೆಯ ಮೇಲೆ ನನ್ನ ಗಂಡನ ಸ್ವೆಟರ್ ಹಾಕಿ, ಕಿವಿ ಮುಚ್ಚುವ ಟೊಪ್ಪಿಗೆ ಏರಿಸಿದ್ದರು. ದಾರಿಯಲ್ಲಿ ಹೋಗುವವರೆಲ್ಲ ಅವರನ್ನು ನೋಡಿ ನಡು ಬಗ್ಗಿಸುತ್ತಿದ್ದರು. ಅತ್ತೆ ಪ್ರತಿಯೊಬ್ಬರಿಗೂ "ಶರಣ್ರಿ, ಶರಣ್ರಿ" ಎನ್ನುತ್ತ ನಡೆದರು. ಮನೆ ಮುಟ್ಟುವುದರೊಳಗೆ ಅರ್ಧ ಪೇಟೆಯ ಪರಿಚಯ ಮುಗಿದಿತ್ತು.

ಊಟದ ಪಜೀತಿ ಮೊದಲ ದಿನವೇ ಶುರುವಾಯಿತು. ಫುಮಿಕೋ ಪಾಪ, ನಮಗಾಗಿ ಮೀನಿಲ್ಲದ ಅಡುಗೆ ಮಾಡಿದ್ದಳು. ಗೆಡ್ಡೆ, ಸೊಪ್ಪು, ಒಂದು ತಿಳಿ ಸಾರು. ಅತ್ತೆ ಸಾರನ್ನು ಮೂಗಿನ ಹತ್ತಿರ ಹಿಡಿದು ಕೆಳಗಿಟ್ಟರು. "ಸುಮಿ, ಇದರಾಗ ಮೀನ ಈಜಾಡಿ ಹೋಗೇತಿ."

ಕೇಳಿದರೆ ನಿಜ. ಒಣ ಮೀನು ಕುದಿಸಿ ಸೋಸಿದ ನೀರು ಅವರ ಎಲ್ಲ ಸಾರಿಗೂ ತಳಪಾಯವಂತೆ. ಅವರಿಗೆ ಅದು ನೀರಿದ್ದಂತೆ, ಲೆಕ್ಕಕ್ಕೇ ಇಲ್ಲ. ಫುಮಿಕೋ ನಾಚಿ ಕೆಂಪಾದಳು. ಅತ್ತೆ ಚೀಲದಿಂದ ಕಟಕರೊಟ್ಟಿ, ಶೇಂಗಾ ಚಟ್ನಿ ತೆಗೆದು ಅವಳ ತಟ್ಟೆಗೂ ಬಡಿಸಿ, "ನಕ್ಕೊಂತ ಉಣ್ಣು, ಆತು ಬಿಡು" ಎಂದರು. ಆಮೇಲೆ ನಾವಿದ್ದಷ್ಟು ದಿನ ಫುಮಿಕೋ ನಮ್ಮ ರೊಟ್ಟಿಯನ್ನೇ ಕಟಕಟ ಕಡಿಯುತ್ತಿದ್ದಳು.

ಅವಳ ಮನೆಯಲ್ಲಿ ಒಂದು ಗಿಡ್ಡ ಮೇಜಿದೆ. ಕೆಳಗೆ ಕರೆಂಟಿನ ಒಲೆ, ಮೇಲೆ ದಪ್ಪ ಕೌದಿ. ಕೌದಿಯೊಳಗೆ ಕಾಲು ಚಾಚಿ ಕುಳಿತರೆ ನಿದ್ದೆ ತಾನಾಗಿ ಕಣ್ಣಿಗೆ ಇಳಿಯುತ್ತದೆ. ಅಲ್ಲಿ ಕುಳಿತು ಫುಮಿಕೋ ಕೊಳದ ಕಥೆ ಹೇಳಿದಳು. ಹಿಂದೆ ಅಲ್ಲೆಲ್ಲ ಗದ್ದೆಗಳಿದ್ದವಂತೆ. ಸುಗ್ಗಿ ಮುಗಿದ ಮೇಲೆ ಊರವರು ಕೊಳದ ನೀರು ಬಿಟ್ಟು, ತಳದ ಕೆಸರನ್ನು ಗದ್ದೆಗೆ ಹಾಕಿ, ಕೊಳವನ್ನು ಬಿಸಿಲಿಗೆ ಬಿಟ್ಟುಬಿಡುತ್ತಿದ್ದರಂತೆ. ಗದ್ದೆ ಹೋಗಿ ಮನೆಗಳು ಬಂದವು, ಕೊಳವನ್ನು ಯಾರೂ ಒಣಗಿಸಲಿಲ್ಲ, ಅದು ಹೂಳು ಕುಡಿದು ಕಪ್ಪಾಯಿತು. ಈಗ ಪೇಟೆಯವರೇ ಸೇರಿ ಹಳೆಯ ಪದ್ಧತಿ ಮತ್ತೆ ಹಿಡಿದಿದ್ದಾರೆ. ಹೂಳು ತೆಗೆದರೆ ಮಳೆಗೆ ಜಾಗವಾಗುತ್ತದೆ, ದೊಡ್ಡ ಮಳೆಯ ಸುದ್ದಿ ಬಂದರೆ ಮೊದಲೇ ನೀರು ಇಳಿಸಿಡಬಹುದು.

"ಕೆಸರೊಳಗೆ ಬೀಜಗಳು ಮಲಗಿರುತ್ತವೆ" ಎಂದಳು ಫುಮಿಕೋ. "ನನ್ನ ಅಜ್ಜಿಯ ಕಾಲದ ನೀರುಗಿಡಗಳ ಬೀಜ. ಬಿಸಿಲು ತಾಗಿದರೆ ಏಳುತ್ತವೆ. ಬೇರೆ ಕೊಳಗಳಲ್ಲಿ ಎದ್ದಿವೆ. ನಮ್ಮಲ್ಲೂ ಏಳುತ್ತವೆಯೋ ಏನೋ."

ನಾನು ಅದನ್ನು ಕನ್ನಡಕ್ಕೆ ಮಾಡಿ ಹೇಳಿದೆ. ಅತ್ತೆ ಕೌದಿಯನ್ನು ಗದ್ದದವರೆಗೆ ಎಳೆದುಕೊಂಡು, "ನಮ್ಮಪ್ಪಾರೂ ಕೆರಿ ಗೋಡಮಣ್ಣ ಹೊಲಕ್ಕ ಹೇರತಿದ್ರು" ಎಂದಷ್ಟೇ ಹೇಳಿ ಕಣ್ಣು ಮುಚ್ಚಿದರು. ನಾನೂ ಮುಚ್ಚಿದೆ. ಕೆಸರಿನೊಳಗೆ ಮಲಗಿದ ಬೀಜಗಳ ಪಕ್ಕದಲ್ಲೇ ನಾನೂ ಮಲಗಿದ್ದೇನೆ, ಮೇಲೆ ಯಾರೋ ಕೊಡ ತುಂಬುತ್ತಿದ್ದಾರೆ, ಅವರ ಬಳೆಯ ಸದ್ದು ನೀರಿನೊಳಗಿಂದ ಕೇಳುತ್ತಿದೆ ಎಂದು ಕನಸು ಬಿತ್ತು. ಎದ್ದಾಗ ಬಳೆಯ ಸದ್ದು ಅತ್ತೆಯದೇ. ಅವರು ಫುಮಿಕೋಗೆ ತಲೆ ಬಾಚುತ್ತಿದ್ದರು.

ಕೊಳದ ಮೊದಲ ದಿನ

ಬೆಳಿಗ್ಗೆ ನಾವು ಹೋದಾಗ ಕೊಳವಿಲ್ಲ. ಪಂಪುಗಳು ಮೊದಲೇ ನೀರು ಎಳೆದು ಮುಗಿಸಿದ್ದವು. ಕೊಳ ಇರಬೇಕಾದಲ್ಲಿ ಒಂದು ಅಗಲವಾದ ಬೋಗುಣಿಯಂಥ ಕೆಸರು, ಅದರ ಮೇಲೆ ಮಂಜು. ಸೂರ್ಯ ಏರಿದಂತೆ ಕೆಸರಿನಿಂದ ಹಬೆ ಎದ್ದು ಮಂಜಿಗೆ ಸೇರುತ್ತಿತ್ತು. ಅದರ ನಡುವೆ ಜನ ಉದ್ದ ಬಲೆ ಹಿಡಿದು ಸಾಲಾಗಿ ನಿಧಾನಕ್ಕೆ ನಡೆಯುತ್ತಿದ್ದರು. ಅರ್ಧ ಮೈ ಕಾಣುತ್ತದೆ, ಅರ್ಧ ಕಾಣುವುದಿಲ್ಲ. ಯಾರೂ ಕೂಗುವುದಿಲ್ಲ. ಒಂದು ಬೆಳ್ಳಕ್ಕಿ ಅವರ ಜೊತೆ ಕೂಲಿಗೆ ಬಂದಂತೆ ಹೆಜ್ಜೆ ಹಾಕುತ್ತಿತ್ತು. ನಾನು ದಂಡೆಯಲ್ಲಿ ಬಾಯಿ ತೆರೆದು ನಿಂತುಬಿಟ್ಟೆ.

ಇಳಿಯುವವರಿಗೆ ಎದೆಮಟ್ಟದ ರಬ್ಬರ್ ಪ್ಯಾಂಟು ಕೊಡುತ್ತಾರೆ. ಅತ್ತೆಗೆ ಬೇಡ, ದಂಡೆಯಲ್ಲಿ ಕೂರಲಿ ಎಂದು ಫುಮಿಕೋ ಹೇಳಿದಳು. ಅತ್ತೆ ಕೇಳಿಯಾರೇ? ಸೀರೆಗೆ ಕಚ್ಚೆ ಬಿಗಿದು, ಒಂಬತ್ತು ಗಜವನ್ನೂ ಆ ರಬ್ಬರ್ ಪ್ಯಾಂಟಿನೊಳಗೆ ತುರುಕಿ, ಹಣೆಯ ಮೇಲಿನ ವಿಭೂತಿ ಸರಿಮಾಡಿಕೊಂಡು ಇಳಿದೇ ಬಿಟ್ಟರು. ನಾಲ್ಕು ಹೆಜ್ಜೆಗೆ ಕಾಲು ಹೂತವು. ಪಕ್ಕದವನಿಗೆ "ಅರೆ ದಾದಾ, ಹಾತ್ ದ್ಯಾ ಜರಾ" ಎಂದು ಮರಾಠಿಯಲ್ಲಿ ಕೈ ಚಾಚಿದರು. ಕನ್ನಡ ಬಾರದವರಿಗೆ ಮರಾಠಿ ಬಂದೇ ಬರುತ್ತದೆ ಎಂಬುದು ನಮ್ಮ ಗಡಿಯವರ ನಂಬಿಕೆ. ವಿಚಿತ್ರವೆಂದರೆ ಅವನು ಕೈ ಕೊಟ್ಟ.

ಕೆಸರಿನಿಂದ ಸೈಕಲ್ಲುಗಳು ಹೊರಬಂದವು, ಒಂದರ ಮೇಲೊಂದು. ಅತ್ತೆ ಬೆರಗಾದರು. "ಇಲ್ಲಿ ಮಂದಿ ದೇವರಿಗೆ ಸೈಕಲ್ ಬಿಡ್ತೇವಿ ಅಂತ ಹರಕಿ ಹೊತ್ತಿರ್ತಾರೇನ?"

ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ಸೋತು ಅತ್ತೆ ದಂಡೆಗೆ ಬಂದರು. ಅವರಿಗೆ ಮೀನು ಬೇರ್ಪಡಿಸುವ ಕೆಲಸ ಸಿಕ್ಕಿತು. ಊರಿನ ಹಳೆಯ ಸಣ್ಣ ಮೀನುಗಳು, ಸೀಗಡಿಗಳು ಒಂದು ದೊಡ್ಡ ನೀಲಿ ತೊಟ್ಟಿಗೆ. ಕೊಳ ತುಂಬಿದ ಮೇಲೆ ಅವು ಮನೆಗೆ ಮರಳುತ್ತವೆ. ಹೊರಗಿನಿಂದ ಬಂದ, ಅಗಲ ಬಾಯಿಯ ದೊಡ್ಡ ಮೀನುಗಳು ಕೆಂಪು ಬುಟ್ಟಿಗಳಿಗೆ. ಹಳೆಯ ಜಾತಿಯ ಒಂದು ಬೆರಳುದ್ದದ ಮೀನು ಆ ಕೊಳದಿಂದ ಪೂರ್ತಿ ಅಳಿದಿದೆ ಎಂದು ಎಲ್ಲರೂ ತಿಳಿದಿದ್ದರು. ಆ ದಿನ ಒಂದು ಹಿಡಿಯಷ್ಟು ಸಿಕ್ಕವು. ಫುಮಿಕೋ ಅವನ್ನು ಬೊಗಸೆಯಲ್ಲಿ ಹಿಡಿದು ಓಡಿಬಂದು ನಮಗೆ ತೋರಿಸಿದಳು. ಅವಳ ಕಣ್ಣಲ್ಲಿ ನೀರಿತ್ತು. ಚಿಕ್ಕಂದಿನಲ್ಲಿ ನೋಡಿದ್ದಳಂತೆ, ಮತ್ತೆ ನೋಡಿರಲಿಲ್ಲ. ಅವನ್ನೂ ನೀಲಿ ತೊಟ್ಟಿಗೆ ಬಿಟ್ಟರು.

ಅತ್ತೆ ಕೆಂಪು ಬುಟ್ಟಿಗಳ ಕಡೆ ನೋಡುತ್ತಿದ್ದರು. "ಇವನ್ನ ಎಲ್ಲಿ ಒಯ್ತಾರ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಕೊಂದು ಗೊಬ್ಬರಾ ಮಾಡ್ತಾರಂತ್ರಿ."

ಸಂಜೆ ಎಲ್ಲರೂ ಆಚೆಯ ಬಿಡಾರಕ್ಕೆ ಬಿಸಿ ಚಹಾ ಕುಡಿಯಲು ಹೋದಾಗ ಅತ್ತೆ ಬರಲಿಲ್ಲ, ಇಲ್ಲೇ ಕೂತಿರುತ್ತೇನೆ ಎಂದರು. ಕಾಲು ನೋವಿರಬೇಕು ಎಂದುಕೊಂಡೆ.

ಮರುದಿನ ಬೆಳಿಗ್ಗೆ

ನೀಲಿ ತೊಟ್ಟಿಯ ಸುತ್ತ ಜನ ನಿಂತಿದ್ದರು. ಮೊದಲ ದಿನದಂತೆಯೇ ಮಂಜು, ಅದೇ ಬೆಳ್ಳಕ್ಕಿ. ತೊಟ್ಟಿಯ ನೀರು ರಾಡಿಯಾಗಿತ್ತು. ಒಳಗೆ ದೊಡ್ಡ ಬಾಯಿಯ ಮೀನುಗಳು ಒತ್ತೊತ್ತಾಗಿ ತುಂಬಿದ್ದವು. ಸಣ್ಣವು ಉಸಿರುಗಟ್ಟಿ ಮೇಲೆ ತೇಲುತ್ತಿದ್ದವು, ಬೆಳ್ಳಗೆ, ಹೊಟ್ಟೆ ಮೇಲಾಗಿ. ಒಂದು ದೊಡ್ಡ ಮೀನಿನ ಬಾಯಿಂದ ಸಣ್ಣದೊಂದರ ಬಾಲ ಹೊರಗೆ ಕಾಣುತ್ತಿತ್ತು. ಫುಮಿಕೋ ತೊಟ್ಟಿಯ ಅಂಚಿಗೆ ಮೊಣಕಾಲೂರಿ ಸತ್ತ ಮೀನುಗಳನ್ನು ಒಂದೊಂದೇ ಎತ್ತಿ ಬಿಳಿ ಬಟ್ಟೆಯ ಮೇಲೆ ಇಡುತ್ತಿದ್ದಳು. ನಿನ್ನೆಯ ಬೆರಳುದ್ದದ ಮೀನುಗಳಲ್ಲಿ ಒಂದೂ ಉಳಿದಿರಲಿಲ್ಲ.

ಯಾರು ಎಂದು ಅವರು ತಮ್ಮ ತಮ್ಮಲ್ಲೇ ಕೇಳಿಕೊಳ್ಳುತ್ತಿದ್ದರು. ತಿರುಗಿ ನೋಡಿದರೆ ಅತ್ತೆಯ ಮುಖ ಬೂದಿಯಂತಾಗಿತ್ತು. ಅವರು ಟೊಪ್ಪಿಗೆ ತೆಗೆದು, ತಲೆಯ ಮೇಲೆ ಸೆರಗು ಹೊದ್ದು, ಎಲ್ಲರ ನಡುವೆ ಹೋಗಿ ಕೈಮುಗಿದು ನಿಂತರು.

"ಫುಮಕ್ಕಾ, ಕೆಂಪ ಬುಟ್ಯಾನವನ್ನ ಇದರಾಗ ಸುರುವಿದಾಕಿ ನಾನ. ಸಾಯಾಕತ್ತಾವ, ಉಳಸಬೇಕಂತ ಸುರುವಿದೆ. ಹಿಂಗ ಆಕ್ಕೇತಿ ಅಂತ ಗೊತ್ತಿರಲಿಲ್ಲ. ಸುಮಿ, ಹೇಳ ಅವರಿಗೆ. ಒಂದೂ ಮುಚ್ಚಬ್ಯಾಡ."

ಹೇಳಿದೆ. ಆಗ ಆದದ್ದು ನಾಚಿಕೆಯೋ ಸಿಟ್ಟೋ ನನಗೇ ತಿಳಿಯಲಿಲ್ಲ, ಎರಡೂ ಇದ್ದವು. ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಫುಮಿಕೋ ಎದ್ದು ಬಂದು ಅತ್ತೆಯ ಕೈ ಹಿಡಿದು ದಂಡೆಯ ಕಲ್ಲಿನ ಮೇಲೆ ಕೂರಿಸಿ, ತಾನೂ ಕುಳಿತಳು. "ನನ್ನ ತಾಯಿ ಗುಡಿಯ ಹಬ್ಬಕ್ಕೆ ಆಮೆ ಕೊಂಡು ಇದೇ ಕೊಳಕ್ಕೆ ಬಿಡುತ್ತಿದ್ದಳು" ಎಂದಳು. ನಾನು ಅತ್ತೆಗೆ ಕನ್ನಡಕ್ಕೆ ಮಾಡಿ ಹೇಳುತ್ತ ಹೋದೆ. "ಜೀವ ಬಿಟ್ಟರೆ ಪುಣ್ಯ ಅಂತ ನಮ್ಮಲ್ಲೂ ಉಂಟು. ಈ ಕೊಳಕ್ಕೆ ಯಾರೂ ಕೇಡು ಬಯಸಿರಲಿಲ್ಲ. ಪ್ರೀತಿಯಿಂದಲೇ ತಂದು ಬಿಟ್ಟರು."

ದೊಡ್ಡ ಮೀನುಗಳನ್ನು ಮತ್ತೆ ಕೆಂಪು ಬುಟ್ಟಿಗಳಿಗೆ ತುಂಬಿದ ಮೇಲೆ ಅವನ್ನು ಒಯ್ಯುವ ಗಾಡಿ ಬಂತು. ಏರಿಸುವ ಮೊದಲು ಎಲ್ಲರೂ ಸಾಲಾಗಿ ನಿಂತು ಆ ಬುಟ್ಟಿಗಳ ಮುಂದೆ ತಲೆ ಬಾಗಿಸಿದರು. ಮುದುಕರು, ಹೆಂಗಸರು, ಕೆಸರು ಮೆತ್ತಿದ ಹುಡುಗಿಯರು. ಮಂಜಿನಲ್ಲಿ ಅವರ ಬೆನ್ನುಗಳು ಮಾತ್ರ ಕಾಣುತ್ತಿದ್ದವು. ಅತ್ತೆ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು.

"ಕೊಲ್ಲೂದೂ ಕೊಲ್ತಾರ, ಕೈನೂ ಮುಗೀತಾರ" ಎಂದರು. ಆಮೇಲೆ ನನ್ನ ಕಡೆ ತಿರುಗದೆ, ಆ ಬರಿ ಕೊಳವನ್ನೇ ನೋಡುತ್ತ ಮಾತು ತೆಗೆದರು.

"ನಮ್ಮ ಹೊಂಡಕ್ಕ ಮಾಂಗೂರ ಬಿಟ್ಟಾಕಿ ನಾನ, ಸುಮಿ."

ನಾನು ಅವರ ಹತ್ತಿರಕ್ಕೆ ಸರಿದು ಕುಳಿತೆ.

"ನಿಮ್ಮ ಮಾವಾರು ಬೆಳಗಾವಿ ದವಾಖಾನ್ಯಾಗ ಉಸಿರಿಗೆ ಒದ್ದಾಡಾಕತ್ತಿದ್ರಲ್ಲ, ಆವಾಗ. ನಿಪ್ಪಾಣಿ ಸಂತ್ಯಾಗ ಒಬ್ಬಾಕಿ ಬುಟ್ಟಿ ಇಟ್ಕೊಂಡ ಕುಂತಿದ್ಲು. ನೀರಿಲ್ಲ ನಿಡಿಯಿಲ್ಲ, ಇವು ಬಾಯಿ ತೆರದು ಮುಚ್ಚಿ ಉಸಿರ ಎಳಿತಿದ್ದು. ಬರೋಬರ್ ಅವರಂಗ. ನನಗ ಕರಳ ಕಿತ್ತು ಬಂತು. ಬುಟ್ಟೀನ ತಂದು ಹೊಂಡಕ್ಕ ಬಿಟ್ಟೆ. ಬಸವಣ್ಣಾ, ಇವು ಉಸಿರಾಡೂತನಕ ಅವರೂ ಆಡ್ಲಿ ಅಂದೆ. ಮನಿಗೆ ಬಂದ್ರು. ಕಬ್ಬ ಹಚ್ಚಿದ್ರು, ಮೊಮ್ಮಕ್ಕಳನ್ನ ಆಡಿಸಿದ್ರು. ಮುಂದ ಅವರು ಹೋದ್ರು. ಮೀನ ಉಳದುವು. ಸೋಮವಾರಕ್ಕೊಮ್ಮೆ ಹೋದ್ರ ಮ್ಯಾಲ ಬಂದು ಉಸಿರ ತಗೋತಾವ, ನೋಡೀಯಲ್ಲ? ಆ ಸಪ್ಪಳಾ ಕೇಳಾಕ ಹೋಗ್ತೇನಿ ನಾ."

ಇಷ್ಟು ವರ್ಷ ಒಂದೇ ಒಲೆಯ ಮುಂದೆ ಬೆಂದವರು ನಾವು. ಆ ಚುರುಮುರಿಯನ್ನು ಮುದುಕಿಯ ಹಟ ಎಂದೇ ನಾನು ನಕ್ಕಿದ್ದೆ. ಅವರನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಕಾಲುವೆಯ ಮಾತು ತೆಗೆಯುವ ಧೈರ್ಯ ನನಗಿರಲಿಲ್ಲ. ಹಿಂದಿನ ಓಣಿ ಮುಳುಗಿದರೆ ಮುಳುಗಲಿ ಅನ್ನಿಸಿತು ಆ ಗಳಿಗೆಯಲ್ಲಿ. ಸುಳ್ಳೇಕೆ ಹೇಳಲಿ?

ಉಳಿದ ದಿನಗಳಲ್ಲಿ ಅತ್ತೆ ಕೆಂಪು ಬುಟ್ಟಿ ಬಂದಾಗಲೆಲ್ಲ ತಾವೇ ಬೇರ್ಪಡಿಸಿದರು, ತಾವೇ ತಲೆ ಬಾಗಿಸಿದರು. ಮೀನುಗಳೆಲ್ಲ ಮುಗಿದು, ಕೆಸರು ಬಿಸಿಲಿಗೆ ಬಿರುಕು ಬಿಡತೊಡಗಿದ ಹೊತ್ತಿಗೆ ನಾವು ಹೊರಟೆವು. ಬೀಜಗಳು ಎದ್ದದ್ದನ್ನು ನಾವು ನೋಡಲಿಲ್ಲ. ವಿಮಾನದ ಕಿಟಕಿಯಲ್ಲಿ ಮೋಡ ನೋಡುತ್ತ ಅತ್ತೆ ಕೇಳಿದರು: "ಈ ಬ್ಯಾಸಗಿಗೆ ಕಾಲಿವಿ ಕಡದ್ರ ಕಬ್ಬ ಎಷ್ಟ ಹೋಕ್ಕೇತಿ?"

"ಒಂದೆರಡ ಸಾಲರಿ."

"ಹೋಗ್ಲಿ" ಎಂದು ಕಣ್ಣು ಮುಚ್ಚಿದರು.

ಮರಳಿ ಏಕಸಂಬಿ

ಬೇಸಿಗೆಯಲ್ಲಿ ನಮ್ಮ ಹೊಲದಲ್ಲಿ ಕಾಲುವೆ ಬಿತ್ತು. ಹೊಂಡದ ನೀರು ಕಬ್ಬಿನ ನಡುವೆ ದಿನಗಟ್ಟಲೆ ನಿಧಾನವಾಗಿ ಹರಿದು ಹೋಯಿತು. ತಳ ಕಂಡ ಮುಂಜಾನೆ ಇಡೀ ಊರು ದಂಡೆಯಲ್ಲಿತ್ತು, ಹಿಂದಿನ ಓಣಿಯವರೆಲ್ಲ ಮುಂದೆಯೇ. ಉಳಿದ ಮೊಣಕಾಲು ನೀರಿನಲ್ಲಿ ಮಾಂಗೂರಗಳು ಕಪ್ಪಗೆ ಹೊರಳಾಡುತ್ತಿದ್ದವು. ನದಿ ಕಡೆಯಿಂದ ಬಲೆಯವರು ಬಂದಿದ್ದರು. ಮೀನು ಹೂಳಲು ಗುಂಡಿ ತೋಡಿ ಆಗಿತ್ತು.

"ತಡೀರೋ ಯಪ್ಪಾ" ಎಂದರು ಅತ್ತೆ. "ಬಿಟ್ಟಾಕಿ ನಾನ. ಮೊದಲನೇದ್ದು ನಾ ಹಿಡೀತೇನಿ. ಪಾಪ ಇದ್ರ ನನಗ ಇರ್ಲಿ."

ಯಾರೋ ನಕ್ಕರು. ಅತ್ತೆ ಕಚ್ಚೆ ಬಿಗಿದು ಇಳಿದರು. ರಬ್ಬರ್ ಪ್ಯಾಂಟು ಇಲ್ಲಿಲ್ಲ, ಬರಿಗಾಲು. ನಾನು ಹಿಂದೆಯೇ ಇಳಿದೆ, ಬಿದ್ದರೆ ಹಿಡಿಯಬೇಕಲ್ಲ. ಬಗ್ಗಿ, ಎರಡೂ ಕೈಯಿಂದ ಒಂದು ದೊಡ್ಡ ಮೀನನ್ನು ಕೆಸರು ಸಮೇತ ಎತ್ತಿದರು. ಅದು ಒದ್ದಾಡಿತು, ಆಮೇಲೆ ಅವರ ತೋಳಿನ ಮೇಲೆ ಸುಮ್ಮನೆ ಮಲಗಿ ಬಾಯಿ ತೆರೆದು ಮುಚ್ಚಿ ಉಸಿರೆಳೆಯತೊಡಗಿತು. ಅತ್ತೆ ಅದನ್ನು ಮುಖದ ಹತ್ತಿರ ತಂದುಕೊಂಡರು. ಸೆರಗು ತಲೆಯ ಮೇಲೆ ಎಳೆದುಕೊಳ್ಳಲು ಕೈ ಬಿಡುವಿರಲಿಲ್ಲ, ನಾನೇ ಎಳೆದೆ. ದಂಡೆಯ ಜನಕ್ಕೆ ಕೇಳದಂತೆ, ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳುವಂತೆ ಅವರು ಮೀನಿಗೆ ಹೇಳಿದರು:

"ಭಾಳ ದಿನಾ ನನ್ನ ಕೂಡ ಇದ್ರಿ. ಸಾಕ್ರಿ ಇನ್ನ. ಹೋಗಿ ಬರ್ರಿ."